ಕಾರ್ಗಿ ನಾಯಿ ಮನೆಗೆ ಬರುವ ಮುನ್ನ

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬೇಸಗೆ ರಜೆ ಆರಂಭವಾಗುವ ವೇಳೆಗೆ ಅನೇಕ ಮನೆಗಳಲ್ಲಿ ಮಕ್ಕಳ ಬೇಡಿಕೆಯೊಂದು ಹಿರಿಯರ ಮುಂದೆ ಬರುತ್ತದೆ. ನಾಯಿಮರಿಯೊಂದು ಬೇಕೆಂಬುದೇ ಆ ಬೇಡಿಕೆ. ಹಿಂದೆ ನೆರೆಮನೆಯ ನಾಯಿ ಈದಾಗ ಮರಿಯೊಂದನ್ನು ಎತ್ತಿ ತಂದರೆ ಅದು ತೀರುತ್ತಿತ್ತು. ಈಗಿನ ಮಕ್ಕಳು ತಳಿಯ ಹೆಸರನ್ನೇ ಹಿಡಿದು ಕೇಳುತ್ತಾರೆ. ಮೊಬೈಲಿನ ಪರದೆಯಲ್ಲಿ ಕಂಡ ಗಿಡ್ಡ ಕಾಲು, ನರಿಯಂತಹ ಮುಖ, ನಿಗುರಿದ ಕಿವಿ, ನಕ್ಕಂತೆ ತೋರುವ ಬಾಯಿಯುಳ್ಳ ಕಾರ್ಗಿ ಇತ್ತೀಚೆಗೆ ಅವರ ಮನಸ್ಸನ್ನು ಸೆಳೆದಿರುವ ತಳಿಗಳಲ್ಲೊಂದು. ಮಾರಾಟಗಾರರೂ ಈ ಆಕರ್ಷಣೆಯನ್ನು ಚೆನ್ನಾಗಿ ಬಲ್ಲರು.

ಕಾರ್ಗಿ ಒಳ್ಳೆಯ ನಾಯಿಯೇ ಎಂಬುದರಲ್ಲಿ ಸಂದೇಹವಿಲ್ಲ. ಅದು ಚುರುಕು, ಬುದ್ಧಿವಂತ, ಮನೆಯವರನ್ನು ಹಚ್ಚಿಕೊಳ್ಳುವ ಪ್ರಾಣಿ. ವಿಚಾರಿಸಬೇಕಾದ ಪ್ರಶ್ನೆ ಬೇರೆಯದು. ಕಾಸರಗೋಡಿನಂತಹ ಸೆಕೆಯ ಊರಿನಲ್ಲಿ, ಹಗಲೆಲ್ಲ ಎಲ್ಲರೂ ಹೊರಗಿರುವ ಮನೆಯಲ್ಲಿ, ಹನ್ನೆರಡು ಹದಿಮೂರು ವರ್ಷಗಳ ಕಾಲ ಆ ಪ್ರಾಣಿಗೆ ಒಳ್ಳೆಯ ಬಾಳನ್ನು ಕೊಡಲು ಸಾಧ್ಯವೇ ಎಂಬುದು ಆ ಪ್ರಶ್ನೆ. ಉತ್ತರ ಹುಡುಕಬೇಕಾದರೆ ಕಾರ್ಗಿ ಎಲ್ಲಿಯದು, ಯಾವ ಕೆಲಸಕ್ಕಾಗಿ ರೂಪುಗೊಂಡದ್ದು, ಅದರ ದೇಹಕ್ಕೆ ಏನು ಒಗ್ಗುತ್ತದೆ, ನಾಯಿ ಸಾಕುವವರ ಮೇಲೆ ನಮ್ಮ ದೇಶದ ಕಾನೂನು ಯಾವ ಹೊಣೆ ಹೊರಿಸಿದೆ ಎಂಬುದನ್ನು ಮೊದಲು ತಿಳಿಯಬೇಕು.

ಹೆಸರು ಮತ್ತು ಹುಟ್ಟೂರು

ಕಾರ್ಗಿಯ ತವರು ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಪ್ರಾಂತ. ಹೆಸರೂ ಅಲ್ಲಿಯ ವೆಲ್ಷ್ ಭಾಷೆಯದೇ. ಆ ಭಾಷೆಯಲ್ಲಿ ‘ಕೋರ್’ ಎಂದರೆ ಕುಳ್ಳ, ‘ಕಿ’ ಎಂದರೆ ನಾಯಿ. ಎರಡು ಪದಗಳು ಕೂಡಿದಾಗ ‘ಕ’ಕಾರವು ‘ಗ’ಕಾರವಾಗಿ ‘ಕೋರ್ಗಿ’ ಎಂದಾಗುತ್ತದೆ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾಗುವ ಆದೇಶ ಸಂಧಿಯನ್ನು ಕಲಿತ ಕನ್ನಡ ಶಾಲೆಯ ಮಕ್ಕಳಿಗೆ ಈ ಮಾರ್ಪಾಡು ಅಪರಿಚಿತವೆನಿಸದು. 2021ರ ಜನಗಣತಿಯ ಪ್ರಕಾರ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ ಮಂದಿ ಮಾತ್ರ. ಇಂಗ್ಲಿಷಿನ ನೆರಳಿನಲ್ಲಿಯೇ ಉಳಿದು ಬಂದ ಆ ಸಣ್ಣ ಭಾಷೆಯ ಪದವೊಂದು ಇಂದು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ.

ಕಾರ್ಗಿಗಳಲ್ಲಿ ಎರಡು ತಳಿಗಳಿವೆ. ವೇಲ್ಸಿನ ಎರಡು ಸೀಮೆಗಳ ಹೆಸರಿನಿಂದ ಒಂದಕ್ಕೆ ಪೆಂಬ್ರೋಕ್ ವೆಲ್ಷ್ ಕಾರ್ಗಿ ಎಂದೂ ಇನ್ನೊಂದಕ್ಕೆ ಕಾರ್ಡಿಗನ್ ವೆಲ್ಷ್ ಕಾರ್ಗಿ ಎಂದೂ ಹೆಸರು. ಬ್ರಿಟನ್ನಿನ ಕೆನೆಲ್ ಕ್ಲಬ್ ಇವೆರಡನ್ನು ಪ್ರತ್ಯೇಕ ತಳಿಗಳೆಂದು ಪರಿಗಣಿಸಿದ್ದು 1934ರಲ್ಲಿ. ಕಾರ್ಡಿಗನ್ ತುಸು ಭಾರವಾದ ಮೈಕಟ್ಟಿನದು. ಅದರ ಕಿವಿ ದೊಡ್ಡದು, ತುದಿ ದುಂಡಗೆ, ಬಾಲ ಉದ್ದ ಮತ್ತು ಪೊದೆಯಂತೆ. ಪೆಂಬ್ರೋಕಿನ ಮುಖ ಹೆಚ್ಚು ನರಿಯಂತಿದ್ದು ಬಾಲ ಮೋಟಾಗಿ ಕಾಣುತ್ತದೆ. ಆದರೆ ಎಲ್ಲ ಪೆಂಬ್ರೋಕ್ ಮರಿಗಳೂ ಮೋಟು ಬಾಲದಿಂದ ಹುಟ್ಟುವುದಿಲ್ಲ. ಕೆಲವು ಹಾಗೆ ಹುಟ್ಟುತ್ತವೆ, ಉಳಿದವುಗಳ ಬಾಲವನ್ನು ಕತ್ತರಿಸುವುದು ಹಳೆಯ ರೂಢಿ. ಬ್ರಿಟನ್ನಿನಲ್ಲಿ 2007ರಿಂದ ಅಂದಕ್ಕಾಗಿ ಬಾಲ ಕತ್ತರಿಸುವುದಕ್ಕೆ ನಿಷೇಧವಿದೆ. ಆದ್ದರಿಂದ ಬಾಲವಿರುವ ಪೆಂಬ್ರೋಕ್ ಕಾರ್ಗಿಯನ್ನು ಕಂಡು ಇದು ಶುದ್ಧ ತಳಿಯಲ್ಲವೆಂದು ಶಂಕಿಸಬೇಕಾಗಿಲ್ಲ.

ಪೆಂಬ್ರೋಕ್ ಕಾರ್ಗಿಗೆ ಲೋಕಪ್ರಸಿದ್ಧಿ ದೊರೆತದ್ದು ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಅವರಿಂದ. 1933ರಲ್ಲಿ ಅವರ ತಂದೆ ಮನೆಗೆ ತಂದ ಕಾರ್ಗಿಯ ಹೆಸರು ಡೂಕಿ. 1944ರಲ್ಲಿ ತಮ್ಮ ಹದಿನೆಂಟನೆಯ ಹುಟ್ಟುಹಬ್ಬಕ್ಕೆ ಎಲಿಜಬೆತ್ ಪಡೆದದ್ದು ಸೂಸನ್ ಎಂಬ ಹೆಣ್ಣು ಕಾರ್ಗಿಯನ್ನು. ಮುಂದೆ ಅವರು ಸಾಕಿದ ಮೂವತ್ತಕ್ಕೂ ಹೆಚ್ಚು ಕಾರ್ಗಿಗಳಲ್ಲಿ ಬಹುಪಾಲು ಸೂಸನ್ನಳ ಸಂತತಿಯವು. ಅರಮನೆಯ ಕಾರ್ಗಿಗಳ ಚಿತ್ರಗಳನ್ನು ನೋಡುವಾಗ ಒಂದು ಸಂಗತಿ ಮರೆಯಾಗುತ್ತದೆ. ಅವುಗಳಿಗೆ ಓಡಾಡಲು ವಿಶಾಲವಾದ ಹುಲ್ಲುಗಾವಲಿತ್ತು, ನೋಡಿಕೊಳ್ಳಲು ಆಳುಗಳಿದ್ದರು, ಹುಟ್ಟೂರಿನ ತಂಪು ಹವೆಯೇ ಸುತ್ತಲೂ ಇತ್ತು.

ದನ ಅಟ್ಟುವುದು ಅದರ ಕಸುಬು

ದಖ್ಖಣದ ಬಯಲಿನಲ್ಲಿ ಕುರಿಗಾಹಿಗಳೊಂದಿಗೆ ಸಾಗುವ ನಾಯಿಯನ್ನು ಬಹಳ ಮಂದಿ ಕಂಡಿರಬಹುದು. ತೋಳದಿಂದ, ಕಳ್ಳರಿಂದ ಹಟ್ಟಿಯನ್ನು ಕಾಯುವುದು ಅದರ ಮುಖ್ಯ ಕಾರ್ಯ. ಕಾರ್ಗಿಯ ಕೆಲಸ ಇದಕ್ಕಿಂತ ಭಿನ್ನ. ಅದು ದನಗಳನ್ನು ಅಟ್ಟುವ ನಾಯಿ. ಮಂದೆಯ ಹಿಂದೆ ಓಡುತ್ತ, ಮುಂದೆ ಹೋಗಲೊಪ್ಪದ ದನದ ಹಿಮ್ಮಡಿಗೆ ಮೆಲ್ಲನೆ ಕಚ್ಚಿ, ಅದು ಒದೆಯುವಷ್ಟರಲ್ಲಿ ನೆಲಕ್ಕೆ ಅವಿತು ತಪ್ಪಿಸಿಕೊಳ್ಳುವುದು ಅದರ ವಿದ್ಯೆ. ಗಿಡ್ಡ ಕಾಲುಗಳು ಈ ಕೆಲಸಕ್ಕೆ ಬಹಳ ಉಪಯುಕ್ತವಾದವು. ನಮಗೆ ಇಂದು ಮುದ್ದಾಗಿ ಕಾಣುವ ಆ ಆಕಾರ ವೇಲ್ಸಿನ ರೈತರಿಗೆ ದನ ಅಟ್ಟುವ ಅನುಕೂಲವಾಗಿತ್ತು.

ಈ ಸ್ವಭಾವ ಮನೆಯೊಳಗೆ ಬಂದ ಮಾತ್ರಕ್ಕೆ ಅಳಿಯುವುದಿಲ್ಲ. ಅಂಗಳದಲ್ಲಿ ಮಕ್ಕಳು ಓಡಿದರೆ ಕಾರ್ಗಿಯ ಕಣ್ಣಿಗೆ ಅವರೂ ಚದುರಿದ ಮಂದೆಯೇ. ಹಿಂದಿನಿಂದ ಬಂದು ಹಿಮ್ಮಡಿಯನ್ನೋ ಲಂಗದ ಅಂಚನ್ನೋ ಕಚ್ಚುವುದುಂಟು. ಅದು ಕೋಪದ ಕಡಿತವಲ್ಲ. ಆದರೂ ಐದು ವರ್ಷದ ಮಗುವಿಗೆ ಅದು ನೋವು ತರುತ್ತದೆ, ಭಯ ಹುಟ್ಟಿಸುತ್ತದೆ. ನೆಂಟರ ಮಕ್ಕಳಿಗೆ ತಗಲಿದರೆ ಮನಸ್ತಾಪಕ್ಕೂ ಕಾರಣವಾಗುತ್ತದೆ. ಮರಿಯಾಗಿದ್ದಾಗಲೇ ‘ಬಿಡು’, ‘ಬಾ’, ‘ಕೂರು’ ಎಂಬ ಆಜ್ಞೆಗಳನ್ನು ತಾಳ್ಮೆಯಿಂದ, ಹೊಡೆಯದೆ, ತಿನಿಸಿನ ಬಹುಮಾನ ಕೊಟ್ಟು ಕಲಿಸಿದರೆ ಈ ಅಭ್ಯಾಸವನ್ನು ಹತೋಟಿಗೆ ತರಬಹುದು. ನಾಯಿಗೆ ಕಲಿಸಿದಂತೆಯೇ ಮಕ್ಕಳಿಗೂ ಕಲಿಸಬೇಕಾದದ್ದಿದೆ. ಅದು ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದು, ಬಾಲ ಎಳೆಯಬಾರದು, ಹಿಂದಿನಿಂದ ತಬ್ಬಬಾರದು. ಸಣ್ಣ ಮಗುವನ್ನು ಯಾವ ನಾಯಿಯ ಜತೆಗೂ ಒಂಟಿಯಾಗಿ ಬಿಡಬಾರದು.

ಕಾರ್ಗಿಯ ಧ್ವನಿ ಅದರ ದೇಹಕ್ಕಿಂತ ದೊಡ್ಡದು. ಗೇಟಿನ ಸದ್ದು, ಅಂಚೆಯವರ ಹೆಜ್ಜೆ, ಮಾಡಿನ ಮೇಲಿನ ಕಾಗೆ, ಎಲ್ಲಕ್ಕೂ ಅದು ಬೊಗಳಿ ತಿಳಿಸುತ್ತದೆ. ತೋಟದ ನಡುವಣ ಒಂಟಿ ಮನೆಗೆ ಇದು ಗುಣ, ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆಗೆ ತೊಡಕು. ಗಿಡ್ಡ ಕಾಲಿನ ನಾಯಿಗೆ ನಡಿಗೆ ಬೇಡವೆಂಬ ತಿಳುವಳಿಕೆಯೂ ಸರಿಯಲ್ಲ. ಬೆಳೆದ ಕಾರ್ಗಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯ ವ್ಯಾಯಾಮ ಅಗತ್ಯ. ಅದರೊಂದಿಗೆ ಬುದ್ಧಿಗೂ ಕೆಲಸ ಬೇಕು. ಅಡಗಿಸಿಟ್ಟ ತಿನಿಸನ್ನು ಹುಡುಕುವ ಆಟವೂ ಆದೀತು. ಕೆಲಸವಿಲ್ಲದ ಕಾರ್ಗಿ ಚಪ್ಪಲಿ ಕಡಿಯುತ್ತದೆ, ಮಣ್ಣು ತೋಡುತ್ತದೆ, ಇಡೀ ದಿನ ಬೊಗಳುತ್ತದೆ.

ಗಿಡ್ಡ ಕಾಲು, ಉದ್ದ ಬೆನ್ನು

ಕಾರ್ಗಿಯ ಎತ್ತರ ಭುಜದವರೆಗೆ ಸುಮಾರು 25ರಿಂದ 30 ಸೆಂಟಿಮೀಟರ್. ಬೆಳೆದ ಪೆಂಬ್ರೋಕಿನ ತೂಕ ಸಾಮಾನ್ಯವಾಗಿ 9ರಿಂದ 13 ಕಿಲೋಗ್ರಾಮಿನಷ್ಟು; ಕಾರ್ಡಿಗನ್ ಇದಕ್ಕಿಂತ ಹೆಚ್ಚು ತೂಗುತ್ತದೆ. ಕಾಲುಗಳು ಗಿಡ್ಡವಾಗಲು ಕಾರಣ ಒಂದು ಜೀನಿನ ಹೆಚ್ಚುವರಿ ಪ್ರತಿ. ಎಲುಬಿನ ಬೆಳವಣಿಗೆಯನ್ನು ಬೇಗ ನಿಲ್ಲಿಸುವ ಈ ಮಾರ್ಪಾಡು ಕಾರ್ಗಿ, ಡಾಕ್ಸ್‌ಹುಂಡ್ ಮೊದಲಾದ ಕುಳ್ಳ ತಳಿಗಳಲ್ಲಿ ಸಮಾನವಾಗಿದೆಯೆಂದು 2009ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಗಿಡ್ಡತನ ನಾಯಿಗೆ ಬಿಟ್ಟಿಯಾಗಿ ಬಂದುದಲ್ಲ. ಇಂತಹ ದೇಹರಚನೆಯ ತಳಿಗಳಲ್ಲಿ ಬೆನ್ನುಮೂಳೆಯ ಕೀಲುಗಳ ನಡುವಣ ಬಿಲ್ಲೆಗಳು ಸವೆದು ಜಾರಿ ನರಗಳನ್ನು ಒತ್ತುವ ತೊಂದರೆ ಉಂಟಾಗುವ ಸಂಭವವಿದೆ. ತೀವ್ರವಾದರೆ ಹಿಂಗಾಲುಗಳು ಬಿದ್ದುಹೋಗುತ್ತವೆ.

ಆದ್ದರಿಂದ ಮನೆಯ ರಚನೆಯನ್ನು ಮೊದಲೇ ನೋಡಿಕೊಳ್ಳುವುದು ಒಳಿತು. ದಿನಕ್ಕೆ ಹತ್ತಾರು ಸಲ ಮಹಡಿಯ ಮೆಟ್ಟಿಲು ಹತ್ತಿಳಿಯುವುದು, ಎತ್ತರದ ಜಗಲಿಯಿಂದ ಅಂಗಳಕ್ಕೆ ಜಿಗಿಯುವುದು, ನುಣುಪಾದ ಟೈಲ್ಸ್ ಮೇಲೆ ಜಾರುವುದು, ಇವೆಲ್ಲ ಕಾರ್ಗಿಯ ಬೆನ್ನಿಗೆ ಕೆಡುಕು. ಜಗಲಿಗೆ ಇಳಿಜಾರಿನ ಹಲಗೆ, ನೆಲಕ್ಕೆ ಒರಟು ಚಾಪೆ, ಮೆಟ್ಟಿಲಿಗೆ ಸಣ್ಣ ಬಾಗಿಲು ಹಾಕಿಸಿದರೆ ಅನುಕೂಲ. ಎತ್ತುವಾಗ ಮುಂಗಾಲುಗಳನ್ನು ಹಿಡಿದು ಜೋತಾಡಿಸದೆ ಎದೆಗೂ ಹಿಂಭಾಗಕ್ಕೂ ಏಕಕಾಲಕ್ಕೆ ಆಸರೆ ಕೊಡಬೇಕು. ಇದನ್ನು ಮಕ್ಕಳಿಗೆ ಮೊದಲ ದಿನವೇ ತೋರಿಸಿಕೊಡುವುದು ಅವಶ್ಯ.

ಬೆನ್ನಿನ ಬಹು ದೊಡ್ಡ ಶತ್ರು ಬೊಜ್ಜು. ಕಾರ್ಗಿ ಹೊಟ್ಟೆಬಾಕ, ಎಷ್ಟು ಕೊಟ್ಟರೂ ತಿನ್ನುತ್ತದೆ, ಬೇಡುವ ಕಲೆಯನ್ನೂ ಬಲ್ಲದು. ದೋಸೆಯ ತುಂಡು, ಬಿಸ್ಕತ್ತು, ಉಳಿದ ಪಲ್ಯ ಎಂದು ಮನೆಯ ಪ್ರತಿಯೊಬ್ಬರೂ ಕೊಡುತ್ತ ಹೋದರೆ ವರ್ಷದೊಳಗೆ ನಾಯಿ ಪೀಪಾಯಿಯಾಗುತ್ತದೆ. ಅಳೆದ ಆಹಾರವನ್ನು ಒಬ್ಬರೇ ಹಾಕುವ ವ್ಯವಸ್ಥೆ ಲೇಸು. ಒಣದ್ರಾಕ್ಷಿ, ದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು ಇವು ನಾಯಿಗೆ ವಿಷ. ಹಬ್ಬದ ಪಾಯಸವನ್ನು ಎಟಕುವಲ್ಲಿಟ್ಟು ಮರೆಯಬಾರದು.

ವಂಶಪಾರಂಪರ್ಯವಾಗಿ ಬರುವ ರೋಗಗಳೂ ಇವೆ. ಸೊಂಟದ ಕೀಲು ಸರಿಯಾಗಿ ಕೂಡದಿರುವುದು, ರಕ್ತ ಬೇಗ ಹೆಪ್ಪುಗಟ್ಟದಿರುವುದು, ಕೆಲವು ವಂಶಗಳಲ್ಲಿ ದೃಷ್ಟಿ ಕ್ರಮೇಣ ಕುಂದುವುದು ಇವುಗಳಲ್ಲಿ ಮುಖ್ಯವಾದವು. ಪೆಂಬ್ರೋಕ್ ಕಾರ್ಗಿಗಳಲ್ಲಿ ವಿಶೇಷವಾಗಿ ಕಾಣುವುದು ಬೆನ್ನುಹುರಿ ಸವೆಯುವ ಡಿಜೆನರೇಟಿವ್ ಮೈಯಲೋಪತಿ. ಮುಪ್ಪಿನಲ್ಲಿ ನೋವಿಲ್ಲದೆ ಹಿಂಗಾಲುಗಳು ಬಲಗುಂದಿ, ಕೊನೆಗೆ ನಿಲ್ಲಲೂ ಆಗದಂತಾಗುವ ಈ ವ್ಯಾಧಿಯನ್ನು ಗುಣಪಡಿಸುವ ಔಷಧಿಯಿಲ್ಲ. ಇದಕ್ಕೆ ಸಂಬಂಧಿಸಿದ ಜೀನಿನ ದೋಷ 2009ರಲ್ಲಿ ಪತ್ತೆಯಾಗಿದ್ದು, ತಂದೆತಾಯಿ ನಾಯಿಗಳ ಡಿಎನ್‌ಎ ಪರೀಕ್ಷೆಯಿಂದ ಮರಿಯ ಅಪಾಯವನ್ನು ಅಂದಾಜಿಸಬಹುದು. ಮರಿ ಕೊಳ್ಳುವವರು ಈ ಪರೀಕ್ಷೆಯ ವರದಿಯನ್ನು ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ.

ಸೆಕೆ ಮತ್ತು ಮಳೆ

ಪೆಂಬ್ರೋಕ್ ಸೀಮೆಯಲ್ಲಿ ಬೇಸಗೆಯ ಹಗಲೂ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಆ ಹವೆಗೆ ತಕ್ಕಂತೆ ಕಾರ್ಗಿಗೆ ಎರಡು ಪದರಗಳ ತುಪ್ಪಳವಿದೆ. ಮೇಲಿನ ಪದರ ಒರಟಾಗಿದ್ದು ನೀರನ್ನು ತಡೆಯುತ್ತದೆ, ಒಳಗಿನದು ಹತ್ತಿಯಂತೆ ಮೃದುವಾಗಿ ಬೆಚ್ಚಗಿಡುತ್ತದೆ. ಮನುಷ್ಯನಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುತ್ತ, ಉಸಿರಿನ ತೇವ ಆವಿಯಾಗುವುದರಿಂದ ಅದು ಮೈಯನ್ನು ತಣಿಸಿಕೊಳ್ಳುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿಯಾಗುವಿಕೆ ಕುಂಠಿತವಾಗುತ್ತದೆ. ಕಾಸರಗೋಡಿನ ಏಪ್ರಿಲ್, ಮೇ ತಿಂಗಳ ಸೆಕೆ ಕಾರ್ಗಿಗೆ ಕಠಿಣವಾಗುವುದು ಈ ಕಾರಣದಿಂದ. ಸೊಲ್ಲಾಪುರ, ಆದವಾನಿಗಳ ಕಡೆ ಒಣ ಬಿಸಿಲು 40 ಡಿಗ್ರಿ ದಾಟುವುದು ಇನ್ನೊಂದು ಬಗೆಯ ಸಂಕಟ. ಗಡಿಯಾಚೆಯ ಕನ್ನಡ ನೆಲಗಳಲ್ಲಿ ಅದಕ್ಕೆ ಹಿತವೆನ್ನಬಹುದಾದ ಹವೆಯಿರುವುದು ನೀಲಗಿರಿಯಲ್ಲಿ.

ನಡಿಗೆಯನ್ನು ಬೆಳಗ್ಗೆ ಏಳಕ್ಕೆ ಮುಂಚೆ, ಸಂಜೆ ಕತ್ತಲಾದ ಬಳಿಕ ಇರಿಸಿಕೊಳ್ಳಬೇಕು. ಅಂಗೈಯ ಹಿಂಬದಿಯನ್ನು ಕೆಲವು ಕ್ಷಣ ಊರಲಾಗದಷ್ಟು ರಸ್ತೆ ಬಿಸಿಯಾಗಿದ್ದರೆ ನಾಯಿಯ ಪಾದವೂ ಸುಡುತ್ತದೆ. ನಿಂತ ಕಾರಿನಲ್ಲಿ ಕೆಲವೇ ನಿಮಿಷ ಬಿಡುವುದೂ ಪ್ರಾಣಾಪಾಯ. ಮಿತಿಮೀರಿ ಏದುವುದು, ಜೊಲ್ಲು ಸುರಿಸುವುದು, ತೂರಾಡುವುದು, ವಾಂತಿ, ಇವು ಶಾಖಾಘಾತದ ಲಕ್ಷಣಗಳು. ಆಗ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸೆಕೆಯೆಂದು ತುಪ್ಪಳವನ್ನು ಬುಡಮಟ್ಟ ಕತ್ತರಿಸುವುದು ತಪ್ಪು. ಅದು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ, ಕತ್ತರಿಸಿದರೆ ಮೊದಲಿನಂತೆ ಬೆಳೆಯದಿರಲೂಬಹುದು. ವಾರಕ್ಕೆ ಹಲವು ಸಲ ಬಾಚಿ ಉದುರುವ ಕೂದಲನ್ನು ತೆಗೆಯುವುದೇ ಸರಿಯಾದ ಉಪಾಯ. ಕೂದಲು ವರ್ಷವಿಡೀ ಉದುರುತ್ತದೆ, ವರ್ಷಕ್ಕೆರಡು ಬಾರಿ ರಾಶಿಯಾಗಿ ಉದುರುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಇದನ್ನು ಮೊದಲೇ ಆಲೋಚಿಸಬೇಕು.

ಜೂನ್ ಬಂದರೆ ಸಮಸ್ಯೆಯ ರೂಪ ಬದಲಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ನಾಡಿನಲ್ಲಿ, ನೆಲದಿಂದ ಗೇಣೆತ್ತರದಲ್ಲಿರುವ ನಾಯಿಯ ಹೊಟ್ಟೆ ಸದಾ ಒದ್ದೆ. ಒಳಪದರ ಒಣಗದಿದ್ದರೆ ಚರ್ಮಕ್ಕೆ ಬೂಷ್ಟು ಹತ್ತುತ್ತದೆ. ಅಡಕೆ ತೋಟದ ಹುಲ್ಲಿನ ಉಣ್ಣೆಗಳು ರಕ್ತದ ರೋಗಗಳನ್ನು ಹರಡುತ್ತವೆ. ಇಲಿಜ್ವರವು ನಿಂತ ನೀರಿನಿಂದ ನಾಯಿಗೂ, ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗಲಬಲ್ಲದು. ಇದಕ್ಕೆ ಚುಚ್ಚುಮದ್ದಿದೆ. ಮರಿಗೆ ಆರರಿಂದ ಎಂಟು ವಾರವಾದಾಗಿನಿಂದ ಡಿಸ್ಟೆಂಪರ್, ಪಾರ್ವೋ ಮೊದಲಾದವುಗಳ ವಿರುದ್ಧ, ಮೂರು ತಿಂಗಳಾದಾಗ ರೇಬಿಸ್ ವಿರುದ್ಧ ಲಸಿಕೆ ಆರಂಭಿಸಿ, ಪಶುವೈದ್ಯರು ಹೇಳಿದ ಕ್ರಮದಲ್ಲಿ ಮುಂದುವರಿಸಬೇಕು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕೆಂಬುದನ್ನು ಪ್ರತಿ ಮಗುವಿಗೂ ಹೇಳಿಕೊಡತಕ್ಕದ್ದು.

ಕೊಳ್ಳುವಾಗಿನ ಎಚ್ಚರ

ನಮ್ಮ ದೇಶದಲ್ಲಿ ಕಾರ್ಗಿ ಮರಿಯ ಬೆಲೆ ಹಲವು ಹತ್ತು ಸಾವಿರ ರೂಪಾಯಿಗಳಷ್ಟಿದ್ದು, ಕೆಲವೆಡೆ ಲಕ್ಷವನ್ನೂ ದಾಟುತ್ತದೆ. ಹಣವಿರುವಲ್ಲಿ ಮೋಸವೂ ಇರುತ್ತದೆ. ಚಂದದ ಚಿತ್ರ ಕಳಿಸಿ, ಮುಂಗಡ ಪಡೆದು, ಸಾಗಾಟದ ಖರ್ಚು, ವಿಮೆ ಎಂದು ಮತ್ತೆ ಮತ್ತೆ ಹಣ ಕೇಳಿ ಕಣ್ಮರೆಯಾಗುವವರಿದ್ದಾರೆ. ಮರಿಯನ್ನೂ ಅದರ ತಾಯಿಯನ್ನೂ ಸಾಕಿದ ಸ್ಥಳದಲ್ಲೇ ಕಣ್ಣಾರೆ ಕಾಣದೆ ಹಣ ಕೊಡಬಾರದು. ವಂಚನೆಗೊಳಗಾದವರು ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ನೀಡಬಹುದು.

ನಾಯಿಗಳ ಸಂತಾನೋತ್ಪತ್ತಿ ಹಾಗೂ ಮಾರಾಟದ ಕುರಿತು ಕೇಂದ್ರ ಸರಕಾರ 2017ರಲ್ಲಿ ನಿಯಮಾವಳಿಯನ್ನು ಹೊರಡಿಸಿದೆ. ಅದರಂತೆ ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ, ಲಸಿಕೆಯ ದಾಖಲೆ, ಮಾರಾಟದ ರಸೀದಿ, ತಂದೆತಾಯಿಗಳ ಆರೋಗ್ಯ ಪರೀಕ್ಷೆಯ ವರದಿ, ಈ ನಾಲ್ಕನ್ನು ಬರಹದಲ್ಲಿ ಕೇಳಬೇಕು. ಚೆನ್ನೈಯಲ್ಲಿ ಕೇಂದ್ರ ಕಚೇರಿಯಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ವಂಶಾವಳಿಯನ್ನು ತಿಳಿಸುತ್ತದೆಯೇ ಹೊರತು ಮರಿಯ ಆರೋಗ್ಯಕ್ಕೆ ಅದು ಸಾಕ್ಷಿಯಲ್ಲ. ‘ಇಂಪೋರ್ಟೆಡ್’ ಎಂಬ ಪದಕ್ಕೂ ಮರುಳಾಗಬಾರದು. ವ್ಯಾಪಾರಕ್ಕಾಗಿ ಮರಿ ಹಾಕಿಸಲು ವಿದೇಶಿ ನಾಯಿಗಳನ್ನು ತರಿಸುವುದನ್ನು ಕೇಂದ್ರ ಸರಕಾರ 2016ರಲ್ಲಿಯೇ ನಿರ್ಬಂಧಿಸಿದೆ.

ಕಾನೂನು ಹೊರಿಸುವ ಹೊಣೆ

ಮಾರಾಟದ ದೃಷ್ಟಿಯಿಂದ ನೋಡಿದರೆ ನಾಯಿ ಚರ ಸೊತ್ತು. ಅದನ್ನು ಕೊಳ್ಳಬಹುದು, ಮಾರಬಹುದು. ಆದರೆ ಮೇಜು ಕುರ್ಚಿಗಳಂತೆ ಅದನ್ನು ಮೂಲೆಗೆಸೆಯಲು ಕಾನೂನಿನ ಒಪ್ಪಿಗೆಯಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 3ನೆಯ ಕಲಮಿನಂತೆ, ಪ್ರಾಣಿಯೊಂದು ಯಾರ ಆರೈಕೆಯಲ್ಲಿದೆಯೋ ಅವರು ಅದರ ಯೋಗಕ್ಷೇಮಕ್ಕಾಗಿ ಎಲ್ಲ ಯುಕ್ತ ಕ್ರಮಗಳನ್ನು ಕೈಗೊಳ್ಳತಕ್ಕದ್ದು. ಅದೇ ಕಾಯಿದೆಯ 11ನೆಯ ಕಲಮಿನಲ್ಲಿ ಅಪರಾಧಗಳ ಪಟ್ಟಿಯಿದೆ. ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿ ಕಟ್ಟಿಹಾಕುವುದು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದು ಅದರಲ್ಲಿ ಸೇರಿವೆ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ರೂಢಿಯಾಗಿ ವ್ಯಾಯಾಮ ಮಾಡಿಸದಿರುವುದೂ ಅಲ್ಲಿ ಅಪರಾಧವೆಂದೇ ನಮೂದಾಗಿದೆ. ಮೊದಲ ಅಪರಾಧಕ್ಕೆ ಆ ಕಾಯಿದೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ದಂಡ ಹಗುರವಾದ ಮಾತ್ರಕ್ಕೆ ಕರ್ತವ್ಯ ಹಗುರವಾಗುವುದಿಲ್ಲ.

2014ರಲ್ಲಿ ಜಲ್ಲಿಕಟ್ಟಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿತು. ಹಸಿವು ಬಾಯಾರಿಕೆಗಳಿಂದ, ಭಯ ಸಂಕಟಗಳಿಂದ, ಚಳಿ ಸೆಕೆಗಳ ಮತ್ತು ದೇಹದ ಬಾಧೆಯಿಂದ, ನೋವು ಗಾಯ ರೋಗಗಳಿಂದ ಮುಕ್ತಿ ನಾಲ್ಕು. ತನ್ನ ಸಹಜ ಸ್ವಭಾವದಂತೆ ನಡೆದುಕೊಳ್ಳುವ ಸ್ವಾತಂತ್ರ್ಯ ಐದನೆಯದು. ಕಾರ್ಗಿಯ ವಿಚಾರದಲ್ಲಿ ಈ ಐದನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿದರೆ ಮನೆಯವರ ನಿರ್ಧಾರ ಸುಲಭವಾಗುತ್ತದೆ. ಮೊದಲನೆಯದನ್ನು ಯಾರೂ ಪೂರೈಸಿಯಾರು. ಸೆಕೆಯಿಂದ ಮುಕ್ತಿ ಮತ್ತು ಸಹಜವಾಗಿ ಓಡಾಡುವ ಸ್ವಾತಂತ್ರ್ಯ, ಇವೆರಡರಲ್ಲಿ ಹೆಚ್ಚಿನ ಮನೆಗಳು ಸೋಲುತ್ತವೆ.

ನೆರೆಹೊರೆಯವರ ಬಗೆಗೂ ಹೊಣೆಯಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಕುತ್ತು ಅಥವಾ ತೀವ್ರ ಗಾಯ ಆಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆರು ತಿಂಗಳವರೆಗಿನ ಸೆರೆ, ಐದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೇರಳದ ಗ್ರಾಮ ಪಂಚಾಯತುಗಳಲ್ಲಿ ನಾಯಿ ಸಾಕಲು 1998ರ ನಿಯಮಗಳಂತೆ ಪರವಾನಗಿ ಪಡೆಯಬೇಕು. ರೇಬಿಸ್ ಲಸಿಕೆಯ ದಾಖಲೆಯನ್ನು ಜತೆಗಿಟ್ಟು ಅರ್ಜಿ ಸಲ್ಲಿಸುವುದು ಕ್ಷೇಮ. ಬಾಡಿಗೆ ಮನೆಯಲ್ಲಿರುವವರು ಕರಾರುಪತ್ರವನ್ನು ಓದಿ, ಮನೆಯೊಡೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಂಡರೆ ಮುಂದೆ ವ್ಯಾಜ್ಯವಿರದು.

ಜೂನ್ ತಿಂಗಳಿನ ಪ್ರಶ್ನೆ

ರಜೆಯಲ್ಲಿ ಬಂದ ಮರಿಗೆ ಎರಡು ತಿಂಗಳು ಮಕ್ಕಳ ಸಹವಾಸ ದಿನವಿಡೀ ಇರುತ್ತದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಅದು ಒಮ್ಮೆಲೇ ಒಂಟಿಯಾಗುತ್ತದೆ. ಬೊಗಳುವುದು, ಸಾಮಾನು ಹರಿಯುವುದು ಹೆಚ್ಚುವುದು ಆಗಲೇ. ಮನೆಯವರ ಬೇಸರವೂ ಆಗಲೇ ಹುಟ್ಟುತ್ತದೆ. ಆದ್ದರಿಂದ ರಜೆಯ ದಿನಗಳಲ್ಲಿಯೇ ಮರಿಯನ್ನು ದಿನಕ್ಕೆ ಸ್ವಲ್ಪ ಹೊತ್ತು ಒಂಟಿಯಾಗಿರಲು ಅಭ್ಯಾಸ ಮಾಡಿಸುವುದು ಅವಶ್ಯ.

ಇನ್ನೂ ದೀರ್ಘವಾದ ಲೆಕ್ಕವೊಂದಿದೆ. ಐದನೆಯ ತರಗತಿಯ ಹತ್ತು ವರ್ಷದ ಮಗುವಿಗೆಂದು ತಂದ ಕಾರ್ಗಿಯ ಆಯುಸ್ಸು ಮುಗಿಯುವಾಗ ಆ ಮಗುವಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಾಗಿರುತ್ತದೆ. ನಡುವೆ ಹತ್ತನೆಯ ತರಗತಿಯ ಪರೀಕ್ಷೆ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಾಲೇಜು, ಉದ್ಯೋಗದ ಅಲೆದಾಟ ಬಂದೇ ಬರುತ್ತವೆ. ಹಿಂಗಾಲು ಸೋತ ಮುದಿ ನಾಯಿಯನ್ನು ಎತ್ತಿ ಅಂಗಳಕ್ಕೆ ಒಯ್ಯಬೇಕಾದ ದಿನಗಳಲ್ಲಿ ಮನೆಯಲ್ಲಿ ಉಳಿದಿರುವವರು ಅಪ್ಪ ಅಮ್ಮ, ಅಜ್ಜ ಅಜ್ಜಿಯರು. ಮಗು ಕೇಳಿದ ನಾಯಿ ಹಿರಿಯರ ನಾಯಿಯಾಗಿ ಉಳಿಯುತ್ತದೆ. ಹಿರಿಯರಿಗೆ ಮನಸ್ಸಿಲ್ಲದಿದ್ದರೆ ಮಗುವಿನ ಸಂತೋಷಕ್ಕೆಂದು ತರುವುದು ತರವಲ್ಲ. ಮಗುವಿಗೆ ‘ಈಗ ಬೇಡ’ ಎಂದು ಕಾರಣಸಹಿತ ತಿಳಿಸುವುದರಿಂದ ಯಾವ ಹಾನಿಯೂ ಇಲ್ಲ.

ಬೇಡವೆಂದರೆ ನಾಯಿಯೇ ಬೇಡವೆಂದಲ್ಲ. ಈ ನೆಲದ ಸೆಕೆಗೂ ಮಳೆಗೂ ತಲೆತಲಾಂತರದಿಂದ ಒಗ್ಗಿದ ನಾಡನಾಯಿಯ ಮರಿಗಳು ಪ್ರತಿ ಊರಿನಲ್ಲಿ ಆಸರೆಯಿಲ್ಲದೆ ಅಲೆಯುತ್ತಿವೆ. ಅವುಗಳ ತುಪ್ಪಳ ಗಿಡ್ಡ, ಬೆನ್ನು ಗಟ್ಟಿ. ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ ಸಾಕಿದರೆ ಅವು ಯಾವ ತಳಿಗೂ ಕಡಿಮೆಯಿಲ್ಲದ ಒಡನಾಡಿಗಳು. ತಳಿಯೇ ಬೇಕೆನ್ನುವವರಿಗೆ ಬಾಗಲಕೋಟೆಯ ಮುಧೋಳ, ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈಗಳಿವೆ. ಆದರೆ ಅವು ಓಟದ ನಾಯಿಗಳು. ವಿಶಾಲವಾದ ಜಾಗವಿಲ್ಲದ ಮನೆಗೆ ಅವೂ ಹೊಂದವು.

ಇಷ್ಟೆಲ್ಲ ತಿಳಿದ ಮೇಲೂ ಕಾರ್ಗಿಯನ್ನೇ ತರುವವರು ತರಬಹುದು. ತಂಪಾದ ಕೋಣೆ, ದಿನದ ನಡಿಗೆಗೆ ಒಂದು ಗಂಟೆ, ಸಮೀಪದಲ್ಲಿ ನಾಯಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರು, ಹಗಲಿನಲ್ಲಿ ಮನೆಯಲ್ಲಿರುವ ಒಬ್ಬ ಹಿರಿಯರು, ಮುಪ್ಪಿನ ಚಿಕಿತ್ಸೆಗೆ ತೆಗೆದಿರಿಸಿದ ಒಂದಿಷ್ಟು ಹಣ, ಇವಿಷ್ಟಿರುವ ಮನೆಯಲ್ಲಿ ಕಾರ್ಗಿ ಸುಖವಾಗಿರುತ್ತದೆ. ಇವುಗಳಲ್ಲಿ ಎರಡು ಮೂರು ಇಲ್ಲವೆಂದು ಕಂಡರೆ ಮರಿಯ ಮುಂಗಡ ಕೊಡುವುದನ್ನು ಈ ರಜೆಗೆ ನಿಲ್ಲಿಸಿ, ಮುಂದಿನ ವರ್ಷ ಮತ್ತೊಮ್ಮೆ ಮನೆಯವರೆಲ್ಲ ಕೂಡಿ ಆಲೋಚಿಸುವುದು ಯುಕ್ತ.